ಅಕ್ಷರಕ್ಕಿಷ್ಟು

ಹಡಗಿಗೆ ಹೆಸರು ಬರೆಯುವುದು ನನ್ನ ಕಸುಬು.
ಪೆರಮಾದ ರಿಪೇರಿ ದಂಡೆಯಲ್ಲಿ ಸರಾಂಡಿಸ್ ಅಂದರೆ ಯಾರೂ ತೋರಿಸುತ್ತಾರೆ:
ಹಗ್ಗಕ್ಕೆ ಕಟ್ಟಿದ ಹಲಗೆ, ಹಲಗೆಯ ಮೇಲೆ ನಾನು,
ಕಾಲಡಿ ಎಣ್ಣೆ ತೇಲುವ ನೀರು.
ದರ ಅಕ್ಷರಕ್ಕಿಷ್ಟು. ಸಂತರ ಹೆಸರಿಗೂ ರಿಯಾಯಿತಿ ಇಲ್ಲ.

ಅದು ಮೊದಲು ಬಂದಾಗ ಇನ್ನೂ ಡ್ರಾಕ್ಮಾ ಕಾಲ.
ಹದಿನೇಳು ವರ್ಷದ ಜರ್ಮನ್ ಹಡಗು,
ಥೆಡಾ ಓಮ್ಮೆನ್, ಊರು ಲೇರ್.
ಫಿನ್‌ಲೆಂಡಿನ ಕಾಗದದ ಸುರುಳಿ ಹೊತ್ತೂ ಹೊತ್ತೂ
ಹೊಟ್ಟೆಯೊಳಗೆ ಒದ್ದೆ ಮರದ ವಾಸನೆ.
ಥೆಡಾ ಯಾರು? ಮಾಲೀಕನ ತಾಯಿಯೋ, ಮಗಳೋ,
ಸಾಲ ಕೊಟ್ಟ ಅತ್ತೆಯೋ,
ಹಡಗು ಒಪ್ಪಿಸಲು ಬಂದ ಕ್ಯಾಪ್ಟನ್ ಹಾರ್ಮ್ ಹೇಳಲಿಲ್ಲ.
ಊಟದ ಕೋಣೆಯ ಗೋಡೆಗೆ ನೇತುಹಾಕಿದ ಚಹಾ ಬಟ್ಟಲು ಎಣಿಸಿದ, ಹನ್ನೆರಡು.
ಹನ್ನೆರಡನ್ನೂ ಬಿಟ್ಟು, ಟೋಪಿಯೊಂದನ್ನು ಎತ್ತಿಕೊಂಡು
ಟ್ಯಾಕ್ಸಿ ಹತ್ತಿದ.

ಕೊಂಡವನು ಕೊಸ್ಮಾಸ್ ವುರ್ಲಾಸ್. ಹೆಸರು ಅಯಿಯಾ ಥೆಕ್ಲಾ.
ರೋಮನ್ ಲಿಪಿಯಲ್ಲಿ ಹತ್ತು ಅಳಿಸಿ ಹತ್ತು,
ಕೆನ್ನೆಗೆರಡು ಕಡೆ, ಬೆನ್ನಿಗೊಂದು ಕಡೆ.
ಸುಲಭ ಅಂದುಕೊಂಡೆ. ಉಜ್ಜಿದರೆ ಬೆರಳಿಗೆ ತಾಕಿತು ಗಂಟು.
ಜರ್ಮನರು ಹೆಸರು ಬರೆದಿರಲಿಲ್ಲ, ಬೆಸೆದಿದ್ದರು.
ಪ್ರತಿ ಅಕ್ಷರದ ಅಂಚಿಗೂ ವೆಲ್ಡಿಂಗಿನ ಏರು,
ಹಳೆಯ ಗಾಯದ ಹೊಲಿಗೆ.
ಕಡಿದು ತೆಗೆಯೋಣವೆ ಅಂದೆ.
'ಗ್ಯಾಸಿಗೆ ಯಾರಪ್ಪ ಕೊಡ್ತಾನೆ? ಬಳಿ.'
ಬಳಿದೆ.
ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ
ಸಂತ ಥೆಕ್ಲಾಳ ಕೆಳಗೆ ಥೆಡಾ ಮಗ್ಗುಲು ಬದಲಿಸುತ್ತಿದ್ದಳು.

ಆಮೇಲೆ ಸಿಮೆಂಟು. ಈಜಿಪ್ಟಿಗೆ ಸಿಮೆಂಟು, ಲಿಬಿಯಾಕ್ಕೆ ಸಿಮೆಂಟು,
ಬೈರೂತಿಗೆ, ಒಡೆದದ್ದನ್ನು ಮತ್ತೆ ಕಟ್ಟಲು, ಸಿಮೆಂಟು.
ವುರ್ಲಾಸನ ಹೃದಯ ನಿಂತಿತು; ಅಳಿಯಂದಿರು ಮಾರಿದರು.
ನಡುವೆ ಇಸ್ತಾಂಬುಲಿನವನೊಬ್ಬನ ಕೈಲಿತ್ತಂತೆ.
ಆ ಹೆಸರು ಬರೆದವನು ನಾನಲ್ಲ.
ಅಕ್ಷರ ನೋಡಿದರೇ ಗೊತ್ತು, ಬ್ರಷ್ಷು ತೊಳೆಯದ ಕೈ.

ಮತ್ತೆ ಬಂತು, ಯೂರೋ ಬಂದ ಮೇಲೆ.
ಅರ್ವಾದ್ ದ್ವೀಪದ ಅಬು ನಿಜಾರ್, ಮೂವರು ಅಣ್ಣತಮ್ಮಂದಿರ ಪಾಲು.
ಡೆಕ್ಕಿನ ಮೇಲೆ ಕೊಟ್ಟಿಗೆ, ಕೊಟ್ಟಿಗೆಯ ಮೇಲೆ ಕೊಟ್ಟಿಗೆ,
ರೊಮೇನಿಯಾದ ಕುರಿಗಳು ಜಿದ್ದಾಕ್ಕೆ.
'ಅಕ್ಷರಕ್ಕೆಷ್ಟು?'
ಹೇಳಿದೆ.
ಸ್ವಲ್ಪ ಹೊತ್ತು ಸಮುದ್ರ ನೋಡಿ 'ನೂರ್' ಅಂದ. ನಾಲ್ಕೇ.
ಬಾವುಟ ಟೋಗೋದ್ದು, ಊರು ಲೋಮೆ:
ನಾನು ನೋಡಿಲ್ಲ, ಅವನು ನೋಡಿಲ್ಲ, ಹಡಗೂ ನೋಡಿಲ್ಲ.
ಲೇರ್‌ನ ಮೊದಲ ಗಂಟು ಲೋಮೆಗೂ ಹೊಂದಿತು;
ಅದೊಂದರ ದುಡ್ಡು ಮುರಿದುಕೊಂಡ ಪುಣ್ಯಾತ್ಮ.

ಇಂಜಿನ್ ಮಾತ್ರ ಯಾರ ಕೈಗೆ ಹೋದರೂ ಜರ್ಮನ್ನೇ ಆಡಿತು.
ಎರಡನೇ ಇಂಜಿನಿಯರ್ ಮುಂತಸಿರ್
ಕೀಲ್ ಕಾರ್ಖಾನೆಯ ಹಿತ್ತಾಳೆ ಫಲಕಗಳಿಂದ ಕಲಿತದ್ದಿಷ್ಟು:
ಆಯ್ಲ್, ಡ್ರುಕ್, ಆಖ್‌ಟುಂಗ್, ಕ್ಯೂಲ್‌ವಾಸರ್.
ಬಟ್ಟಲು ಮೂರು ಉಳಿದಿದ್ದವು. ಒಂದರಲ್ಲಿ ನನಗೆ ಚಹಾ ಕೊಟ್ಟ.
ಆರಿಹೋಗಿತ್ತು. 'ಕ್ಯೂಲ್‌ವಾಸರ್' ಅಂದು ತಾನೇ ನಕ್ಕ.
ಇಂಜಿನ್ನಿನ ಜ್ವರಕ್ಕೆ ಕೊಡುವ ತಂಪು ನೀರಂತೆ.
ಕುರಿಗಳು ಅರಚುವ ರಾತ್ರಿ ಕೆಳಗೇ ಮಲಗುತ್ತಿದ್ದನಂತೆ:
'ಅದು ಹೇಳಿದ್ದನ್ನೇ ಹೇಳುತ್ತೆ. ನಿದ್ದೆ ಬರುತ್ತೆ.'

ಮೂರನೆಯ ಸಲ ಕರೆದದ್ದು ಅಳಿಸಲಿಕ್ಕೆ.
ಇಲ್ಲಿಂದ ಆಲಿಯಾಗಾದ ಗುಜರಿ ದಂಡೆಗೆ ಒಂದೂವರೆ ದಿನ.
ಅಷ್ಟಕ್ಕೆ ಹೆಸರೇಕೆ, ಹೆಸರಿದ್ದರೆ
ಸಾಲ ಕೊಟ್ಟವರು ಗುರುತು ಹಿಡಿಯುತ್ತಾರೆ.
ಅಳಿಸುವುದಕ್ಕೆ ನಾನು ದರ ಗೊತ್ತುಮಾಡಿರಲೇ ಇಲ್ಲ.
ನೂರ್ ಹೋಯಿತು. ಇಸ್ತಾಂಬುಲಿನ ಸೊಟ್ಟ ಅಕ್ಷರ ಹೋದವು. ಥೆಕ್ಲಾ ಹೋದಳು.
ಗಂಟು ಬಂತು. ಕೈ ನಿಲ್ಲಿಸಿದೆ.
'ಇದು?' ಅಂದ ಅಬು ನಿಜಾರ್.
'ಇದು ಬಣ್ಣವಲ್ಲ. ನನ್ನ ಕೆಲಸವಲ್ಲ.'

ಮುಂತಸಿರ್ ಇಲ್ಲೇ ಇಳಿದ. ಒಂದು ಚೀಲ,
ಐದು ತಿಂಗಳ ಸಂಬಳ ಬಾಕಿ.
ಒಂದಾದರೂ ಫಲಕ ಬಿಚ್ಚಿಕೋಬಾರದಿತ್ತೆ ಅಂದೆ.
'ಒಂದೂವರೆ ದಿನ ಇನ್ನೂ ಓಡಬೇಕಲ್ಲ ಅದು.'

ಈಗಲೂ ಅಂಗಡಿ ಹುಡುಗ ಕಾಫಿ ಆರಿಸಿ ತಂದರೆ
ಕ್ಯೂಲ್‌ವಾಸರ್ ಅನ್ನುತ್ತೇನೆ.
ಬೈಗುಳ ಅಂದುಕೊಂಡಿದ್ದಾನೆ.